ಹಸಿರು ಬಳೆ, ಎರಡು ಮಗ್ಗ, ಒಂದು ಸಹಿ

ಓದುಗರ ಪ್ರಶ್ನೆ: "ಅಮ್ಮನವರಿಗೆ ವಂದನೆ. ನನಗೆ 44 ವರ್ಷ, ಊರು ಗುಳೇದಗುಡ್ಡ. ಮೂರು ತಲೆಮಾರಿನಿಂದ ನಾವು ಕ್ರೈಸ್ತರು. ಮೂರು ವರ್ಷದ ಹಿಂದೆ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆಯೇ ಮನೆಯವರು ನನ್ನ ಬಳೆ ಒಡೆದರು, ತಾಳಿ ತೆಗೆದರು. ಒಬ್ಬ ಮಗ, ಒಬ್ಬ ಮಗಳು. ಈಗ ಜನವರಿಯಲ್ಲಿ ಮಗಳ ಮದುವೆ. ಆ ದಿನ ನಾನು ಮುಂದೆ ಬರಬಾರದಂತೆ, ಮಗಳನ್ನು ಅವಳ ಕಾಕಾ ಕರೆದುಕೊಂಡು ಹೋಗುತ್ತಾನಂತೆ. ಇನ್ನೊಂದು ವಿಷಯ. ಮನೆ ಇನ್ನೂ ನಮ್ಮ ಮಾವನವರ ಹೆಸರಿನಲ್ಲೇ ಇದೆ. ಅವರು ಹೋಗಿ ಹನ್ನೆರಡು ವರ್ಷ ಆಯಿತು, ಮೃತ್ಯುಪತ್ರ ಬರೆದಿಲ್ಲ. ಅತ್ತೆ ಇದ್ದಾರೆ, ಒಬ್ಬ ಮೈದುನ, ಒಬ್ಬ ನಾದಿನಿ. ಮೈದುನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಿದ್ದಾನೆ. ನಾನು ತಡೆದಿದ್ದಕ್ಕೆ, 'ಹೆಣ್ಣು ಅಧೀನಳಾಗಿರಬೇಕು ಅಂತ ಸತ್ಯವೇದದಲ್ಲೇ ಇದೆ, ಪಾಲು ಕೇಳೋದು ವಿದೇಶದ ಸ್ತ್ರೀವಾದ' ಎಂದ. ಸಭೆಯ ಹಿರಿಯರೂ ತಲೆ ಆಡಿಸಿದರು. ಪಾಲು ಕೇಳಿದರೆ ನಾನು ದೇವರ ಮಾತು ಮೀರಿದ ಹಾಗಾಗುತ್ತದಾ? ಒಂದು ಸಣ್ಣ ಪ್ರಶ್ನೆ, ನಗಬೇಡಿ. ಮಗಳ ಮದುವೆಗೆ ನಾನು ಹಸಿರು ಬಳೆ ಹಾಕಿಕೊಳ್ಳಬಹುದಾ?"

ತಂಗಿ, ನಗಲಿಲ್ಲ. ಆ ಕೊನೆಯ ಪ್ರಶ್ನೆ ಸಣ್ಣದೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಕಾಗದದಲ್ಲಿ ಮೂರು ಸಂಗತಿ ಒಂದೇ ಗಂಟಿನಲ್ಲಿವೆ: ದೇವರ ಮಾತು, ಊರಿನ ರೂಢಿ, ಸರ್ಕಾರದ ಕಾನೂನು. ನಿಮ್ಮ ಮನೆಯಲ್ಲಿ ಯಾರಿಗೆ ಯಾವುದು ಅನುಕೂಲವೋ ಅದನ್ನು ಹೊರಗೆ ಎಳೆಯುತ್ತಿದ್ದಾರೆ. ಬಳೆ ಒಡೆಯುವಾಗ ರೂಢಿ. ಆಸ್ತಿ ಮಾತು ಬಂದಾಗ ಸತ್ಯವೇದ. ಕಾನೂನಿನ ಹೆಸರು ಮಾತ್ರ ಯಾರೂ ಎತ್ತಿಲ್ಲ, ನೋಡಿ.

ಮೊದಲು ಸಹಿಯ ವಿಷಯ ಹೇಳುತ್ತೇನೆ. ಅದಕ್ಕೆ ಅವಸರ ಇದೆ. ನಾನು ವಕೀಲಳಲ್ಲ. ಆದರೆ ಮೂವತ್ತು ವರ್ಷ ಸಭಾಪಾಲಕಿಯಾಗಿದ್ದವಳು. ಇಂಥ ಮನೆಗಳಿಗೆ ಹೋಗಿ ವಕೀಲರ ಪಕ್ಕದಲ್ಲಿ ಕೂತು ಈ ಲೆಕ್ಕ ಎಷ್ಟು ಸಲ ಮಾಡಿದ್ದೇನೋ ನೆನಪಿಲ್ಲ.

ಕ್ರೈಸ್ತರ ಆಸ್ತಿ ಹಂಚಿಕೆ ನಡೆಯುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಪ್ರಕಾರ. ಮೃತ್ಯುಪತ್ರ ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ ಸಮನಾಗಿ. ಗಂಡು, ಹೆಣ್ಣು ಎಂಬ ಭೇದ ಇಲ್ಲ. ನಿಮ್ಮ ಮಾವನವರ ಮನೆಯನ್ನು 27 ಪಾಲು ಮಾಡಿ ನೋಡೋಣ. ಅತ್ತೆಗೆ 9. ಉಳಿದ 18ರಲ್ಲಿ ಮೂರು ಮಕ್ಕಳಿಗೆ ಆರಾರು: ಮೈದುನನಿಗೆ 6, ನಾದಿನಿಗೆ 6, ನಿಮ್ಮ ಯಜಮಾನರಿಗೆ 6. ಮಾವನವರು ಹೋದಾಗ ಯಜಮಾನರು ಇದ್ದರು. ಹಾಗಾಗಿ ಆ 6 ಪಾಲು ಆಗಲೇ ಅವರದಾಯಿತು. ಈಗ ಅವರೂ ಇಲ್ಲ. ಆ ಆರರಲ್ಲಿ ನಿಮಗೆ 2, ಮಗಳಿಗೆ 2, ಮಗನಿಗೆ 2.

ಇದರಲ್ಲಿ ಎರಡು ವಿಷಯ ಗಮನಿಸಿ. ಒಂದು, ನಿಮ್ಮ ಸ್ವಂತ ಪಾಲು ನೀವು ಅಂದುಕೊಂಡಷ್ಟು ದೊಡ್ಡದಿಲ್ಲದಿರಬಹುದು. ಅರ್ಧ ಮನೆ ಬರುತ್ತದೆ ಎಂಬ ಆಸೆ ಇದ್ದರೆ ಬಿಟ್ಟುಬಿಡಿ. ನೀವು, ಮಕ್ಕಳು ಸೇರಿ 27ರಲ್ಲಿ 6. ಎರಡು, ನಿಮ್ಮ ಒಂದು ಸಹಿಯಿಂದ ಮಕ್ಕಳ ಹಕ್ಕು ಹೋಗುವುದಿಲ್ಲ. ಹದಿನೆಂಟು ದಾಟಿದ ಮಕ್ಕಳು ತಾವೇ ಸಹಿ ಮಾಡಬೇಕು. ಹಾಗಾಗಿ ಇವತ್ತೇ ಇಬ್ಬರನ್ನೂ ಕೂರಿಸಿಕೊಂಡು ಹೇಳಿ. ಇಲ್ಲದಿದ್ದರೆ "ನಿಮ್ಮವ್ವ ಒಪ್ಪಿದ್ದಾಳೆ, ನೀನೂ ಹಾಕು" ಎಂಬ ಮಾತು ಬರುತ್ತದೆ. ಬಂದೇ ಬರುತ್ತದೆ.

ಇನ್ನು ನಿಮ್ಮ ನಾದಿನಿ. ಆಕೆಗೂ ಮೈದುನನಷ್ಟೇ ಪಾಲು ಇದೆ. "ಮದುವೆಯಲ್ಲಿ ಬಂಗಾರ ಕೊಟ್ಟಾಗಿದೆ, ಇನ್ನೇನು ಪಾಲು" ಎಂದು ಆಕೆಗೆ ಹೇಳಿರುತ್ತಾರೆ ಅಲ್ವಾ? ಅದು ತಪ್ಪು. ತಂದೆ ಬದುಕಿದ್ದಾಗ ಮಕ್ಕಳಿಗೆ ಕೊಟ್ಟದ್ದನ್ನು ಅವರ ಪಾಲಿನಲ್ಲಿ ಮುರಿದುಕೊಳ್ಳಬಾರದು ಎಂದು ಇದೇ ಕಾಯ್ದೆಯ 49ನೇ ಕಲಮಿನಲ್ಲಿದೆ. ಇಂಥ ಜಗಳದಲ್ಲಿ ನಾದಿನಿ ಮತ್ತು ಅತ್ತಿಗೆ ಎದುರು ಬದುರು ನಿಲ್ಲುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಕಾಗದದ ಮೇಲೆ ಮಾತ್ರ ಇಬ್ಬರೂ ಒಂದೇ ಕಡೆ ಇರುತ್ತಾರೆ. ಆಕೆಗೆ ಒಂದು ಫೋನ್ ಮಾಡಿ.

ಮಗ್ಗಗಳ ಬಗ್ಗೆ ನೀವು ಸ್ಪಷ್ಟವಾಗಿ ಬರೆದಿಲ್ಲ. ಕಾಗದದ ಅಂಚಿನಲ್ಲಿ "ಎರಡು ಮಗ್ಗ ಯಜಮಾನರು ಹಾಕಿಸಿದ್ದು" ಎಂದಿದೆ. ಅವರ ದುಡಿಮೆಯಲ್ಲಿ ಬಂದದ್ದಾದರೆ ಅದರಲ್ಲಿ ಅತ್ತೆಗೂ ಇಲ್ಲ, ಮೈದುನನಿಗೂ ಇಲ್ಲ. ಮೂರರಲ್ಲಿ ಒಂದು ನಿಮ್ಮದು, ಉಳಿದದ್ದು ಮಕ್ಕಳದು. ಹಳೆಯ ರಸೀದಿ, ಸಾಲದ ಪಾಸ್‌ಬುಕ್ ಏನಾದರೂ ಇದ್ದರೆ ಹುಡುಕಿ ಇಡಿ.

"ನಮ್ಮದು ಕೂಡು ಕುಟುಂಬ, ಹೆಂಗಸಿಗೆ ಪಾಲಿಲ್ಲ" ಎಂಬ ಮಾತೂ ಬರಬಹುದು. ಅದು ನಮ್ಮ ಸೀಮೆಯಲ್ಲಿ ಬಹಳ ಹಳೆಯ ಮಾತು. ಬಳ್ಳಾರಿಯಲ್ಲಿ ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತ ವ್ಯಾಪಾರಿ ಇದ್ದ. ಅವನು 1842ರಲ್ಲಿ ತೀರಿಕೊಂಡ. ಹೆಂಡತಿ ಶಾರ್ಲೆಟ್ ಮತ್ತು ತಮ್ಮ ಫ್ರಾನ್ಸಿಸ್ ನಡುವೆ ಆಸ್ತಿಗೆ ವ್ಯಾಜ್ಯ ಹತ್ತಿತು. ಹಿಂದೂ ಕೂಡು ಕುಟುಂಬದ ನಿಯಮವೇ ನಮಗೂ ಅನ್ವಯ ಎಂಬುದು ತಮ್ಮನ ವಾದ. ಜಗಳ ಬಳ್ಳಾರಿಯಿಂದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ, ಅಂದರೆ ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯದ ತನಕ ಹೋಯಿತು. 1863ರಲ್ಲಿ ಅಲ್ಲಿ ಕೂಡು ಕುಟುಂಬದ ಆ ವಾದ ನಿಲ್ಲಲಿಲ್ಲ. ಒಬ್ಬ ವಿಧವೆ, ಒಬ್ಬ ಮೈದುನ. ನಿಮ್ಮ ಮನೆಯದೇ ಕಥೆ.

ಕೇರಳದ ಮೇರಿ ರಾಯ್ ಅವರ ಹೆಸರು ಕೇಳಿರಬಹುದು. ತಿರುವಾಂಕೂರಿನ 1916ರ ಕಾಯ್ದೆಯಲ್ಲಿ ಕ್ರೈಸ್ತ ಹೆಣ್ಣುಮಗಳಿಗೆ ಗಂಡುಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಇದರಲ್ಲಿ ಯಾವುದು ಕಡಿಮೆಯೋ ಅಷ್ಟೇ ಸಿಗುತ್ತಿತ್ತು. "ಯಾವುದು ಕಡಿಮೆಯೋ" ಎಂದು ಕಾನೂನಿನಲ್ಲೇ ಬರೆದಿದ್ದರು, ಧೈರ್ಯ ನೋಡಿ! ಆಕೆ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು. ನಮ್ಮ ಬಾಗಲಕೋಟೆ ಭಾಗಕ್ಕೆ ಆ ತಿರುವಾಂಕೂರು ಕಾಯ್ದೆ ಯಾವತ್ತೂ ಬರಲಿಲ್ಲ. ಸಮಪಾಲಿನ ಕಾನೂನು ನಮ್ಮಲ್ಲಿ ಮೊದಲಿನಿಂದ ಇದೆ. ಅದನ್ನು ಮನೆಯೊಳಗೆ ಬಿಟ್ಟುಕೊಂಡಿಲ್ಲ, ಅಷ್ಟೇ.

ಈಗ ದೇವರ ಮಾತು.

ಮೈದುನ ಹೇಳಿ, ಹಿರಿಯರು ತಲೆ ಆಡಿಸಿದ ವಚನ ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯದ 22ನೆಯದು. ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎಂಬುದು. ಅದು ಅಲ್ಲಿದೆ, ಇಲ್ಲ ಎನ್ನುವುದಿಲ್ಲ. ಆದರೆ ಓದುವವರು 22ರಿಂದಲೇ ಯಾಕೆ ಶುರು ಮಾಡುತ್ತಾರೆ? ಅದರ ಮೇಲಿನ 21ರಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. ಗಂಡ ಹೆಂಡತಿ ಇಬ್ಬರಿಗೂ. ಗ್ರೀಕ್ ಮೂಲದ ಅತಿ ಹಳೆಯ ಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ. 21ರ ಕ್ರಿಯಾಪದವನ್ನೇ ಅದು ಸಾಲ ತಂದುಕೊಂಡಿದೆ. ತಲೆ ಕತ್ತರಿಸಿ ಮುಂಡ ಮಾತ್ರ ತೋರಿಸಿದ ಹಾಗೆ ನಮ್ಮವರು ಓದುತ್ತಾರೆ. ಇನ್ನೂ ಒಂದು ಮಾತು. ಆ ವಚನ ಹೇಳುವುದು ಗಂಡನ ಬಗ್ಗೆ. ಮೈದುನನಿಗೆ ಅಧೀನಳಾಗಿರು ಎಂದು ಆ ಪತ್ರದ ಪೌಲನು ಎಲ್ಲೂ ಬರೆದಿಲ್ಲ!

ಆಸ್ತಿಯ ಬಗ್ಗೆ ಸತ್ಯವೇದ ಏನು ಹೇಳುತ್ತದೆ ಎಂದು ಅವರು ಕೇಳಿದರೆ ಅರಣ್ಯಕಾಂಡದ 27ನೇ ಅಧ್ಯಾಯ ತೆಗೆಯಿರಿ. ಚಲ್ಪಹಾದ ಎಂಬವನಿಗೆ ಗಂಡುಮಕ್ಕಳಿಲ್ಲ, ಐದು ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅವರು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಮೂಹದ ಮುಂದೆ ನಿಂತು ನಮ್ಮ ಅಪ್ಪನ ಪಾಲು ನಮಗೆ ಕೊಡಿ ಎಂದು ಕೇಳಿದರು. ಮೋಶೆಗೆ ಉತ್ತರ ಗೊತ್ತಾಗಲಿಲ್ಲ, ದೇವರನ್ನು ಕೇಳಿದ. ದೇವರು ಆ ಹೆಣ್ಣುಮಕ್ಕಳು ಹೇಳುವುದು ಸರಿ ಎಂದರು. ನಂತರ 36ನೇ ಅಧ್ಯಾಯದಲ್ಲಿ ಕುಲದ ಗಂಡಸರು ಬಂದು, ಹಾಗಾದರೆ ಇವರು ನಮ್ಮ ಕುಲದೊಳಗೇ ಮದುವೆಯಾಗಬೇಕು ಎಂದು ಷರತ್ತು ಹಾಕಿಸಿದರು. ಅದನ್ನೂ ಮುಚ್ಚಿಡಬಾರದು. ಸತ್ಯವೇದದೊಳಗೇ ಎರಡು ದನಿ ಕೇಳುತ್ತವೆ. ಸ್ತ್ರೀವಾದಿ ಕ್ರೈಸ್ತ ಓದು ಎನ್ನುವುದು ಏನೋ ದೊಡ್ಡ ಸಂಗತಿಯಲ್ಲ. ಆ ಎರಡೂ ದನಿ ಕೇಳಿಸಿಕೊಂಡು, ಯಾವುದು ಯಾರ ಬಾಯಿಂದ ಬಂತು ಎಂದು ವಿಚಾರಿಸುವುದು ಅಷ್ಟೇ.

ಇನ್ನೊಂದು ಭಾಗ ನಿಮಗಾಗಿಯೇ ಇರುವಂಥದ್ದು. ಬಡ ವಿಧವೆ ಎರಡು ಕಾಸು ಕಾಣಿಕೆ ಹಾಕಿದ ಕಥೆ ಪ್ರತಿ ಸಭೆಯಲ್ಲೂ ಕೇಳುತ್ತೇವೆ, ವಿಶೇಷವಾಗಿ ಕಟ್ಟಡ ನಿಧಿ ಎತ್ತುವಾಗ. ಅದು ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದ 41ನೇ ವಚನದಿಂದ ಶುರು. ಬೆರಳನ್ನು ಒಂದೇ ಸಾಲು ಮೇಲೆ ಸರಿಸಿ, 40ನೇ ವಚನ. ವಿಧವೆಯರ ಮನೆಗಳನ್ನು ನುಂಗಿ, ನಟನೆಗೆ ಉದ್ದುದ್ದ ಪ್ರಾರ್ಥನೆ ಮಾಡುವವರಿಗೆ ಕಠಿಣ ದಂಡನೆ ಕಾದಿದೆ ಎಂದು ಯೇಸು ಹೇಳುತ್ತಾನೆ. ಮೊದಲು ಮನೆ ನುಂಗುವವರ ಮಾತು, ಬೆನ್ನಿಗೇ ಎಲ್ಲ ಕಳಕೊಂಡ ವಿಧವೆ. ನಾನು ದೇವಶಾಸ್ತ್ರ ಓದಿ, ಕಲಿಸಿ, ಎಷ್ಟೋ ವರ್ಷ ಆದಮೇಲೆ ಈ ಎರಡು ವಚನ ಪಕ್ಕಪಕ್ಕ ಇರುವುದನ್ನು ಕಂಡೆ. ಅದೂ ನಾನಾಗಿ ಅಲ್ಲ. ಸ್ತ್ರೀ ಸಮಾಜದ ಕೂಟದಲ್ಲಿ ಓದಲು ಬಾರದ ಒಬ್ಬ ಅಜ್ಜಿ, "ಅದರ ಮೇಲಿಂದು ಓದವ್ವ" ಎಂದಳು.

"ವಿದೇಶದ ಸ್ತ್ರೀವಾದ" ಎಂಬ ಮಾತಿಗೂ ಉತ್ತರ ಕೊಡಬೇಕು. ಆ ಪದ ಹೊಸದು, ನಿಜ. ಆದರೆ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಹೆಣ್ಣಿಗೆ ಸಂಸ್ಕೃತ ಕಲಿಸಿದ ಎಂದು ಊರವರ ಕೋಪಕ್ಕೆ ಗುರಿಯಾದ ತಂದೆಯ ಮಗಳು ಆಕೆ. ಗಂಡನನ್ನು ಕಳೆದುಕೊಂಡಳು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಳು. ಅಲ್ಲಿನ ಧರ್ಮಗುರುಗಳು ಹೇಳಿದ್ದನ್ನೆಲ್ಲ ಒಪ್ಪಬೇಕು ಎಂದಾಗ ಒಪ್ಪಲಿಲ್ಲ. ಒಂದು ಗುಂಪಿನ ಪುರೋಹಿತರನ್ನು ಬಿಟ್ಟು ಬಂದದ್ದು ಇನ್ನೊಂದು ಗುಂಪಿನವರಿಗೆ ತಲೆ ಬಾಗುವುದಕ್ಕಲ್ಲ ಎಂಬ ಹಟ ಆಕೆಯದು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದಳು, ಆಮೇಲೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಮಿಶನ್. ವಿಧವೆಯರ ಮಾನಕ್ಕಾಗಿ ಇಷ್ಟು ದುಡಿದ ಕ್ರೈಸ್ತ ಹೆಣ್ಣು ನಮ್ಮ ನೆಲದವಳು. ಅದಕ್ಕೂ ಮೊದಲಿನದು ಬೇಕೆಂದರೆ ಕೂಡಲಸಂಗಮ ನಿಮ್ಮ ಜಿಲ್ಲೆಯಲ್ಲೇ ಇದೆ. ಎಂಟು ನೂರು ವರ್ಷದ ಹಿಂದಿನ ಶರಣೆಯರು ಯಾವ ವಿದೇಶದಿಂದ ಕಲಿತಿದ್ದರು?

ಹಾಗಾದರೆ ಕ್ರೈಸ್ತರ ಮನೆಯಲ್ಲಿ ಬಳೆ ಯಾಕೆ ಒಡೆಯುತ್ತಾರೆ?

ಇದಕ್ಕೆ ಕಾರಣ ನಮ್ಮ ಸಭೆಗಳು ಹುಟ್ಟಿದ ರೀತಿಯಲ್ಲಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1851ರಲ್ಲಿ ನಿಮ್ಮ ಗುಳೇದಗುಡ್ಡದಲ್ಲಿ ಠಾಣೆ ಹಾಕಿದರು. ಜಾತಿ ಬಿಡಬೇಕು ಎಂದು ಅವರು ಹಟ ಹಿಡಿದರು, ಒಳ್ಳೆಯದೇ. ಆದರೆ ಮನೆಯೊಳಗೆ ಗಂಡು ಮೇಲೆ ಹೆಣ್ಣು ಕೆಳಗೆ ಎಂಬುದನ್ನು ಅವರು ಪ್ರಶ್ನೆ ಮಾಡಲಿಲ್ಲ. ಅವರ ಊರಲ್ಲೂ ಹಾಗೇ ಇತ್ತಲ್ಲ. ಹೆಣ್ಣುಮಕ್ಕಳಿಗೆ ಶಾಲೆ ತೆರೆದರು, ಓದಲು ಕಲಿಸಿದರು, ಜೊತೆಗೆ ಹೊಲಿಗೆ ಕೊಟ್ಟು ಒಳ್ಳೆಯ ಹೆಂಡತಿಯಾಗು ಎಂದರು. ಮನೆ ಮನೆಗೆ ಹೋಗಿ ಸುವಾರ್ತೆ ಸಾರಿದ ಬೈಬಲ್ ವುಮನ್‌ಗಳು ಸಭೆಯ ಆಡಳಿತದಲ್ಲಿ ಎಲ್ಲೂ ಕಾಣುವುದಿಲ್ಲ. ಇಲ್ಲಿನ ಯಜಮಾನಿಕೆ ಮತ್ತು ಅಲ್ಲಿನ ಯಜಮಾನಿಕೆ ಭೇಟಿಯಾದಾಗ ಜಗಳ ಆಗಲಿಲ್ಲ, ಬೀಗತನ ಆಯಿತು.

ಇದರಲ್ಲಿ ಮರ್ಯಾದೆಯ ಪ್ರಶ್ನೆಯೂ ಇದೆ. ನಮ್ಮ ಭಾಗದ ಎಷ್ಟೋ ದುಡಿಯುವ ಸಮುದಾಯಗಳಲ್ಲಿ ಮೊದಲು ಉಡಿಕೆ ಇತ್ತು, ವಿಧವೆಗೆ ಮತ್ತೆ ಸೀರೆ ಉಡಿಸಿ ಸಂಸಾರ ಕಟ್ಟಿಕೊಡುತ್ತಿದ್ದರು. ನಾಲ್ಕು ಕಾಸು ಬಂದು, ಮೇಲಿನವರ ಹಾಗೆ ಕಾಣಬೇಕು ಎಂಬ ಆಸೆ ಹುಟ್ಟಿದಾಗ ಅದು ನಾಚಿಕೆಯ ವಿಷಯವಾಯಿತು. ಜಾತಿ ಬಿಟ್ಟು ಬಂದ ನಾವೂ ಅದನ್ನೇ ಮಾಡಿದೆವು. ಹಾಗಾಗಿ "ಇದು ನಮ್ಮ ಸಂಸ್ಕೃತಿ" ಎಂದು ಯಾರಾದರೂ ಹೇಳಿದಾಗ, ಯಾವ ಕಾಲದ್ದು, ಯಾರ ಮನೆಯದು ಎಂದು ಕೇಳಬೇಕು. ಉಡಿಕೆಯೂ ನಮ್ಮ ಸಂಸ್ಕೃತಿಯೇ ಆಗಿತ್ತು.

ರೂಢಿ ಎಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ತಾಳಿಯಲ್ಲಿ ಶಿಲುಬೆ ಇಟ್ಟುಕೊಂಡೆವು, ಚೆನ್ನಾಗಿಯೇ ಇದೆ. ಉಡಿ ತುಂಬುವುದನ್ನೂ ನಾನು ಬೇಡ ಎನ್ನುವವಳಲ್ಲ. ಹೆಣ್ಣಿನ ಮಡಿಲಿಗೆ ಕಾಯಿ, ಅಕ್ಕಿ, ಖಣ ಹಾಕಿ ಹಾರೈಸುವುದರಲ್ಲಿ ಏನು ತಪ್ಪು? ತಪ್ಪು ಇರುವುದು ಯಾರ ಮಡಿಲಿಗೆ ಹಾಕುವುದಿಲ್ಲ ಎಂಬುದರಲ್ಲಿ. ನೀವು ಬರೆದಿದ್ದೀರಿ, ನೀವು ನೇಯ್ದ ಖಣ ಸೀಮೆಯ ಎಲ್ಲ ಮುತ್ತೈದೆಯರ ಉಡಿಗೆ ಹೋಗುತ್ತದೆ, ನಿಮ್ಮ ಉಡಿಗೆ ಮೂರು ವರ್ಷದಿಂದ ಒಂದೂ ಬಿದ್ದಿಲ್ಲ ಎಂದು. ಆ ಸಾಲು ಓದಿ ನಾನು ಸುಮ್ನೆ ಕೂತೆ.

ಈಗ ಏನು ಮಾಡಬಹುದು ನೋಡೋಣ. ಯಾವ ದಾರಿಯೂ ಪೂರ್ತಿ ಸಲೀಸಿಲ್ಲ.

ಮೊದಲ ಕೆಲಸ ಕಾಗದ ಕೂಡಿಸುವುದು. ಪುರಸಭೆಯಿಂದ ಮನೆಯ ಉತಾರ (ಆಸ್ತಿ ದಾಖಲೆ), ನಾಡಕಚೇರಿಯಿಂದ ವಂಶಾವಳಿ, ಮಾವನವರ ಮತ್ತು ಯಜಮಾನರ ಮರಣ ಪ್ರಮಾಣಪತ್ರ. ಜೊತೆಗೆ, ವಾರಸುದಾರರೆಲ್ಲರ ಒಪ್ಪಿಗೆ ಇಲ್ಲದೆ ಹೆಸರು ಬದಲಿಸಬಾರದು ಎಂದು ಪುರಸಭೆಗೆ ಒಂದು ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತಾರದಲ್ಲಿ ಹೆಸರು ಬಂದ ಮಾತ್ರಕ್ಕೆ ಮೈದುನ ಮಾಲೀಕನಾಗುವುದಿಲ್ಲ. ಆದರೆ ಅದನ್ನು ತೋರಿಸಿ ಸಾಲ ಎತ್ತಿದರೆ, ಮಾರಲು ಹೊರಟರೆ, ಬಿಡಿಸುವ ತಲೆನೋವು ನಿಮಗೆ. ಅರ್ಜಿ ಕೊಟ್ಟ ಸುದ್ದಿ ಅವನಿಗೆ ಮುಟ್ಟುತ್ತದೆ, ಮನೆಯಲ್ಲಿ ಮಾತು ಬಿಸಿಯಾಗುತ್ತದೆ. ಅದಕ್ಕೆ ತಯಾರಿರಿ.

ಆಮೇಲೆ ಮಾತುಕತೆ. 27 ಪಾಲಿನ ಮನೆಯನ್ನು ಗೋಡೆ ಹಾಕಿ ಹಂಚಲಾಗದು. ಮೈದುನ ಮನೆ ಇಟ್ಟುಕೊಂಡು ನಿಮ್ಮ ಆರು ಪಾಲಿನ ಬೆಲೆ ಕೊಡಬಹುದು, ಅಥವಾ ಮಗ್ಗದ ಕೋಣೆ ನಿಮಗೆ ಬಿಡಬಹುದು. ಇದು ನನಗೆ ಇಷ್ಟವಾದ ದಾರಿ, ಯಾಕೆಂದರೆ ಇದೇ ಊರಲ್ಲಿ ನೀವು ಬಾಳಬೇಕು. ಮೊದಲು ಅತ್ತೆಯ ಹತ್ತಿರ ಒಬ್ಬರೇ ಕೂತು ಮಾತಾಡಿ. ಆಕೆಯೂ ವಿಧವೆ, ಆಕೆಯ ಬಳೆಯನ್ನೂ ಯಾರೋ ಒಡೆದಿದ್ದಾರೆ. ಒಪ್ಪಂದ ಆದರೆ ನೋಂದಣಿ ಆಗಲೇಬೇಕು. ಬಾಯಿಮಾತು ಬೇಡ, ಸಭೆಯ ಹಿರಿಯರು ಸಾಕ್ಷಿಯಿದ್ದರೂ ಬೇಡ. ಹಣ ಕೈಗೆ ಬಂದ ದಿನವೇ ಸಹಿ. ಇಂಥ ಮಾತು ನಂಬಿ ಒಬ್ಬ ತಂಗಿ ಮೊದಲೇ ಸಹಿ ಮಾಡಿ, ಏಳು ವರ್ಷ ಕಾದದ್ದನ್ನು ನಾನು ನೋಡಿದ್ದೇನೆ. ಅವಳಿಗೆ ಹಾಗೆ ಮಾಡು ಎಂದು ಬುದ್ಧಿ ಹೇಳಿದವಳು ನಾನೇ. ಆಗ ನನಗೆ ಸಮಾಧಾನ ದೊಡ್ಡದು ಅನ್ನಿಸಿತ್ತು.

ಮಾತು ಮುರಿದರೆ ಬಾಗಲಕೋಟೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಫೋನಿನಲ್ಲಿ ಕೇಳುವುದಿದ್ದರೆ 15100. ವಾಟ್ನಿ ದಾವೆ, ಅಂದರೆ ಪಾಲು ಬೇರ್ಪಡಿಸಿ ಕೊಡಿ ಎಂಬ ದಾವೆ ಹಾಕಿದರೆ ಹಕ್ಕು ಗಟ್ಟಿ, ಆದರೆ ವರ್ಷಗಟ್ಟಲೆ ಎಳೆಯುತ್ತದೆ. ಮನೆಯವರು ಮಾತು ಬಿಡುತ್ತಾರೆ. ಸಭೆಯಲ್ಲಿ ನಿಮ್ಮ ಪಕ್ಕದ ಬೆಂಚು ಖಾಲಿಯಾಗಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ಮನೆಯಿಂದ ಹೊರಗೆ ಹಾಕಲು ಬಂದರೆ ಮಾತ್ರ ಕಾಯಬೇಡಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ. ಗಂಡ ತೀರಿಕೊಂಡವಳಿಗೂ ಆ ಮನೆಯಲ್ಲಿ ವಾಸಿಸುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 181ಕ್ಕೆ ಫೋನ್ ಮಾಡಿ.

ಸಭೆಯ ವಿಷಯ. ನಿಮ್ಮ ಪಾಸ್ಟರ್ ಕೆಟ್ಟವರಿರಲಿಕ್ಕಿಲ್ಲ. ಹಿರಿಯರನ್ನು ಎದುರು ಹಾಕಿಕೊಂಡರೆ ಅವರಿಗೂ ಕಷ್ಟ, ಅದು ನನಗೆ ಗೊತ್ತು. ನಾನು ದೀಕ್ಷೆ ಪಡೆದು ಮೊದಲ ಸಭೆಗೆ ಹೋದಾಗ ಜನಕ್ಕೆ ನನ್ನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಪಾಸ್ಟರ್ ಎಂದರೆ ಅಯ್ಯನವರು, ಅವರ ಹೆಂಡತಿ ಅಮ್ಮನವರು. ಅಯ್ಯನವರೇ ಹೆಂಗಸಾದರೆ? ಕೊನೆಗೆ ನನ್ನನ್ನು ಅಮ್ಮನವರು ಎಂದರು, ನಮ್ಮ ಯಜಮಾನರನ್ನು ಸುಮ್ಮನೆ ಮಾಸ್ತರ್ ಎಂದರು. 2013ರಲ್ಲಿ ದಕ್ಷಿಣ ಭಾರತ ಸಭೆಗೆ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಮೊದಲ ಮಹಿಳಾ ಬಿಷಪ್ ಆದರು. ಮೇಲೆ ಬಾಗಿಲು ತೆರೆಯಿತು. ಕೆಳಗೆ ಊರೂರಿನ ಸಭೆಯಲ್ಲಿ ಚಿಲಕ ಇನ್ನೂ ಬಿಗಿಯಾಗಿದೆ. ನೀವು ಒಬ್ಬರೇ ಪಾಸ್ಟರ್ ಹತ್ತಿರ ಹೋಗಬೇಡಿ. ಸ್ತ್ರೀ ಸಮಾಜದ ಇಬ್ಬರು ಮೂವರನ್ನು ಜೊತೆಗೆ ಕರೆದುಕೊಂಡು ಹೋಗಿ, ಮದುವೆಯ ದಿನ ಮಗಳನ್ನು ನಾನೇ ಕರೆತರುತ್ತೇನೆ ಎಂದು ಹೇಳಿ. ಹೆಣ್ಣನ್ನು ಕರೆತರುವವರು ಗಂಡಸೇ ಆಗಿರಬೇಕು ಎಂದು ಸತ್ಯವೇದದಲ್ಲಿ ಒಂದು ಅಕ್ಷರ ಇಲ್ಲ. ವಿಧವೆ ಬರಬಾರದು ಎಂದಂತೂ ಇಲ್ಲವೇ ಇಲ್ಲ. ಪಾಸ್ಟರ್ ಒಪ್ಪಿದರೆ ಕಾಕಾ ಒಂದು ಕೈ, ನೀವು ಒಂದು ಕೈ ಹಿಡಿದೂ ನಡೆಯಬಹುದು. ಸಿಟ್ಟು ಕಡಿಮೆಯಾಗುತ್ತದೆ. ಆದರೆ ಮೊದಲು ಮಗಳನ್ನು ಕೇಳಿ, ಮದುವೆ ಅವಳದು. ಬೀಗರ ಮನೆಯವರು ಏನನ್ನುತ್ತಾರೆ ಎಂಬುದೂ ಅವಳಿಗೇ ಜಾಸ್ತಿ ಗೊತ್ತಿರುತ್ತದೆ.

ಇನ್ನು ಹಸಿರು ಬಳೆ. ಹಾಕಿಕೊಳ್ಳಬಹುದು ತಂಗಿ. ಮನಸ್ಸಿದ್ದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಬಿಡಿ. ಯಾರಿಗೋ ತೋರಿಸಲು ಬೇಡ. ಬಳೆಗಾರನ ಹತ್ತಿರ ಮಗಳ ಜೊತೆಗೇ ಕೂತು ಇಡಿಸಿಕೊಂಡರೆ ಒಂದು ಅನುಕೂಲ ಇದೆ, ಮದುವೆಯ ದಿನ ಯಾರೂ ಹೊಸದಾಗಿ ನೋಡಿ ಗದ್ದಲ ಮಾಡುವುದಿಲ್ಲ. ಮದುವೆಗೆ ಹದಿನೈದು ದಿನ ಮೊದಲೇ ಹಾಕಿಕೊಳ್ಳಿ. ಆ ಹದಿನೈದು ದಿನದಲ್ಲಿ ಛತ್ರದ ರಸೀದಿ, ಅಡುಗೆಯವರ ಮುಂಗಡ ಎಂದು ಹತ್ತಾರು ಕಾಗದ ನಿಮ್ಮ ಮುಂದೆ ಬರುತ್ತವೆ. ಒಂದೊಂದನ್ನೂ ಮಗನ ಕೈಲಿ ಪೂರ್ತಿ ಓದಿಸಿ, ಆಮೇಲೆ ಪೆನ್ನು ಹಿಡಿಯಿರಿ.